ಪೆಟ್ರೋಲಿನ ತಾಳ್ಮೆ

ಬೆಂಗಳೂರಿನ ಯಾವುದೇ ಪೆಟ್ರೋಲ್ ಬಂಕಿನಲ್ಲಿ ಕಾರಿನ ಗಾಜು ಇಳಿಸಿದೊಡನೆ ಕೇಳಿಬರುವ ಪ್ರಶ್ನೆ ಒಂದೇ: “ನಾರ್ಮಲ್ ಹಾಕ್ಲಾ ಸಾರ್, ಪವರ್ ಹಾಕ್ಲಾ?” ಬಂದದ್ದು ಹಳೆಯ ಸ್ಕೂಟರ್ ಆದರೆ ಹುಡುಗ ಹೀಗೆ ಕೇಳುವುದಿಲ್ಲ. ಐವತ್ತು ಅರವತ್ತು ಲಕ್ಷದ ಸೆಡಾನ್ ಬಂದು ನಿಂತರೆ ಉತ್ತರಕ್ಕೂ ಕಾಯದೆ ಪವರ್ ಪೆಟ್ರೋಲಿನ ಪಂಪಿನತ್ತ ಕೈ ಚಾಚುತ್ತಾನೆ. ದುಬಾರಿ ಕಾರಿಗೆ ದುಬಾರಿ ಪೆಟ್ರೋಲ್ ಎಂಬುದು ಅವನ ಲೆಕ್ಕ. ಕಾರಿನ ಒಡೆಯರ ಲೆಕ್ಕವೂ ಬಹುಮಟ್ಟಿಗೆ ಅದೇ.

ಈ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ತಿಳಿಯಬೇಕಾದರೆ ‘ಪವರ್’ ಎಂಬ ಹೆಸರನ್ನು ಮೊದಲು ಬದಿಗಿಡಬೇಕು. ಪೆಟ್ರೋಲಿನ ಜೊತೆ ಹೇಳುವ 91, 95, 100 ಎಂಬ ಸಂಖ್ಯೆಗಳಿಗೂ ಅದರ ಬಲಕ್ಕೂ ನೇರ ಸಂಬಂಧವಿಲ್ಲ. ಅವು ಅಳೆಯುವುದು ಪೆಟ್ರೋಲಿನ ತಾಳ್ಮೆಯನ್ನು. ಎಷ್ಟು ಅದುಮಿದರೂ, ಎಷ್ಟು ಕಾಯಿಸಿದರೂ, ಕಿಡಿ ತಾಗುವ ತನಕ ಹೊತ್ತಿಕೊಳ್ಳದೆ ಕಾಯುವ ಗುಣ ಅದು. ತಾಳಿದವನು ಬಾಳಿಯಾನು ಎಂಬ ಗಾದೆ ಎಂಜಿನ್ನಿನ ಸಿಲಿಂಡರಿನೊಳಗೂ ಸಲ್ಲುತ್ತದೆ.

ಸಿಲಿಂಡರಿನೊಳಗಿನ ಟಕಟಕ

ಸೈಕಲ್ಲಿಗೆ ಗಾಳಿ ಹೊಡೆದು ಮುಗಿಸಿದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಕಾರಿನ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರುವಾಗ ನಡೆಯುವುದೂ ಇದೇ. ಪೆಟ್ರೋಲಿನ ಆವಿ ಬೆರೆತ ಗಾಳಿಯನ್ನು ಅದು ಸುಮಾರು ಹತ್ತನೇ ಒಂದು ಪಾಲು ಜಾಗಕ್ಕೆ ಅದುಮುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಕಿಡಿಯ ಬಳಿ ಹುಟ್ಟಿದ ಜ್ವಾಲೆ ಸಿಲಿಂಡರಿನ ಅಂಚಿನ ತನಕ ಹರಡುತ್ತಾ ಪಿಸ್ಟನ್ನನ್ನು ಒಂದೇ ಸಮನೆ ಕೆಳಕ್ಕೆ ತಳ್ಳುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ. ಉರಿದು ಮುಗಿಯಲು ಪ್ರತಿ ಸಲ ಸಿಗುವ ಹೊತ್ತು ಸುಮಾರು 3 ಮಿಲಿಸೆಕೆಂಡ್ ಮಾತ್ರ.

ಅಷ್ಟರಲ್ಲೇ ಒಂದು ಅನಾಹುತ ಆಗಬಹುದು. ಜ್ವಾಲೆ ಮುಂದೊತ್ತಿ ಬರುವಾಗ ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಆವಿ ಮತ್ತಷ್ಟು ಅದುಮಿಸಿಕೊಂಡು, ಮತ್ತಷ್ಟು ಬಿಸಿಯಾಗುತ್ತದೆ. ತಾಳ್ಮೆಯಿಲ್ಲದ ಪೆಟ್ರೋಲ್ ಆದರೆ ಜ್ವಾಲೆ ಬಂದು ಮುಟ್ಟುವ ಮೊದಲೇ ಅದು ತಾನಾಗಿ, ಒಮ್ಮೆಗೇ ಸಿಡಿಯುತ್ತದೆ. ಆ ಒತ್ತಡದ ಅಲೆ ಸಿಲಿಂಡರಿನ ಗೋಡೆಗೆ ಸುತ್ತಿಗೆಯ ಏಟಿನಂತೆ ಬಡಿಯುತ್ತದೆ. ಏರಿನಲ್ಲಿ ದೊಡ್ಡ ಗೇರಿನಲ್ಲೇ ಎಳೆಸುವಾಗ ಹಳೆಯ ಕಾರುಗಳಿಂದ ಟಕಟಕ ಸದ್ದು ಬರುತ್ತಿತ್ತಲ್ಲ, ಅದು ಇದೇ. ಗ್ಯಾರೇಜಿನವರು ನಾಕಿಂಗ್ ಎನ್ನುತ್ತಾರೆ. ಬಹಳ ದಿನ ಹೀಗೆ ಬಡಿಸಿಕೊಂಡರೆ ಪಿಸ್ಟನ್ನೇ ತೂತು ಬೀಳಬಹುದು.

ಹಾಗಿದ್ದರೆ ಅಷ್ಟೊಂದು ಅದುಮುವುದು ಏಕೆ? ಹೆಚ್ಚು ಅದುಮಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರ್ಶ ಲೆಕ್ಕದಲ್ಲಿ ಎಂಟು ಪಟ್ಟು ಅದುಮಿದ ಎಂಜಿನ್ನಿನ ದಕ್ಷತೆ ಶೇ. 56, ಹತ್ತು ಪಟ್ಟಿಗೆ ಶೇ. 60, ಹನ್ನೆರಡು ಪಟ್ಟಿಗೆ ಶೇ. 63. ನಿಜವಾದ ಎಂಜಿನ್ನಿನ ದಕ್ಷತೆ ಇದಕ್ಕಿಂತ ಬಹಳ ಕಡಿಮೆ ಇದ್ದರೂ ಏರಿಕೆಯ ದಿಕ್ಕು ಇದೇ. ಇಂದಿನ ಐಷಾರಾಮಿ ಸೆಡಾನುಗಳು ಇದರ ಮೇಲೆ ಟರ್ಬೊ ಕೂರಿಸಿ ಗಾಳಿಯನ್ನು ಮೊದಲೇ ಒಂದು ಸುತ್ತು ಅದುಮಿ ಒಳಗೆ ಕಳಿಸುತ್ತವೆ. ಬಿಎಂಡಬ್ಲ್ಯು 330ಐ ಹೆಸರಿನ ‘30’ ನೋಡಿ 3 ಲೀಟರಿನ ಎಂಜಿನ್ ಎಂದುಕೊಳ್ಳುವವರಿದ್ದಾರೆ. ಅದರ ಈಚಿನ ಕಾರುಗಳಲ್ಲಿರುವುದು 2 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್, ಶಕ್ತಿ 258 ಅಶ್ವಶಕ್ತಿ. ಸಣ್ಣ ಎಂಜಿನ್ನಿನಿಂದ ಇಷ್ಟು ಕೆಲಸ ತೆಗೆಯಬೇಕಾದರೆ ಒಳಗೆ ಉರಿಯುವ ಪೆಟ್ರೋಲಿಗೆ ತಾಳ್ಮೆ ಬೇಕೇ ಬೇಕು.

ಕ್ಯಾಡಿಲಾಕ್‌ನ ತಲೆನೋವು

ಈ ಟಕಟಕ ಸದ್ದಿನ ಬೆನ್ನು ಹತ್ತಿದ ಕಥೆ ಶುರುವಾಗುವುದೂ ಒಂದು ಐಷಾರಾಮಿ ಕಾರಿನಿಂದಲೇ. 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಅಳವಡಿಸಿದರು. ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವ ಕಾಲ ಮುಗಿಯಿತು. ಆದರೆ ಎಂಜಿನ್ ನಾಕ್ ಹೊಡೆಯತೊಡಗಿದಾಗ ಟೀಕಾಕಾರರು ದೂರಿದ್ದು ಕೆಟರಿಂಗ್ ರೂಪಿಸಿದ ಬ್ಯಾಟರಿ ಕಿಡಿಯ ವ್ಯವಸ್ಥೆಯನ್ನು. ತಪ್ಪು ಕಿಡಿಯದೋ ಪೆಟ್ರೋಲಿನದೋ ಎಂದು ಪತ್ತೆ ಮಾಡಲು ಅವರು ಥಾಮಸ್ ಮಿಡ್‌ಗ್ಲಿ ಎಂಬ ಯುವ ಎಂಜಿನಿಯರನ್ನು ಹಚ್ಚಿದರು.

ಹಿಮ ಕರಗುವ ಮೊದಲೇ ಅರಳುವ, ಎಲೆಯ ಹಿಂಬದಿ ಕೆಂಪಾಗಿರುವ ಒಂದು ಗಿಡ ಇಬ್ಬರಿಗೂ ನೆನಪಾಯಿತಂತೆ. ಕೆಂಪು ಬಣ್ಣ ಶಾಖವನ್ನು ಬೇಗ ಹೀರುವುದಾದರೆ ಪೆಟ್ರೋಲಿಗೂ ಕೆಂಪು ಬಣ್ಣ ಹಾಕಿ ನೋಡಬಾರದೇಕೆ? ಬಣ್ಣ ಸಿಗದೆ ಮಿಡ್‌ಗ್ಲಿ ಅಯೋಡಿನ್ ಬೆರೆಸಿದರು, ನಾಕಿಂಗ್ ತಗ್ಗಿತು! ಬೇರೆ ಕೆಂಪು ಬಣ್ಣಗಳನ್ನು ಹಾಕಿದಾಗ ಏನೂ ಆಗಲಿಲ್ಲ. ಊಹೆ ಪೂರ್ತಿ ತಪ್ಪಾಗಿತ್ತು. ಆದರೂ ಅದರಿಂದ ಒಂದು ಸತ್ಯ ಹೊರಬಿತ್ತು: ನಾಕಿಂಗ್ ರಸಾಯನಶಾಸ್ತ್ರದ ವಿಷಯ, ಪೆಟ್ರೋಲಿನ ಗುಣಕ್ಕೆ ಸೇರಿದ್ದು. ಹುಡುಕಾಟ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸದಲ್ಲಿ ಬಂದು ನಿಂತಿತು. ಚಿಟಿಕೆಯಷ್ಟು ಬೆರೆಸಿದರೂ ಸದ್ದು ಅಡಗುತ್ತಿತ್ತು.

ಸೀಸ ವಿಷವೆಂದು ಆಗಲೇ ಗೊತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯ ಒಂದು ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಸತ್ತರು. ಆದರೂ ಜಗತ್ತು ಮುಂದಿನ ಹಲವು ದಶಕ ಆ ಹೊಗೆಯನ್ನೇ ಉಸಿರಾಡಿತು. ಭಾರತ ಸೀಸದ ಪೆಟ್ರೋಲನ್ನು ಪೂರ್ತಿ ಬಿಟ್ಟದ್ದು 2000ನೇ ಇಸವಿಯಲ್ಲಿ. ಎಲ್ಲಕ್ಕಿಂತ ಕೊನೆಗೆ, 2021ರಲ್ಲಿ, ಆಲ್ಜೀರಿಯ ಬಿಟ್ಟಿತು. ಎಂಜಿನ್ನಿನ ಒಂದು ಸದ್ದು ಅಡಗಿಸಲು ಮಕ್ಕಳ ಮೆದುಳು ತೆತ್ತ ಬೆಲೆ ನೆನೆದರೆ, ನಮ್ಮ ಕಾರಿಗೆ ಏನು ಹಾಕುತ್ತೇವೆ ಎಂಬ ಪ್ರಶ್ನೆ ಸಣ್ಣದೆಂದು ನನಗೆ ಅನ್ನಿಸುವುದಿಲ್ಲ.

ಸೊನ್ನೆಯಿಂದ ನೂರರ ತನಕ

ತಾಳ್ಮೆಯನ್ನು ಅಳೆಯಲು ಕೋಲು ಬೇಕಿತ್ತು. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನವಿಜ್ಞಾನಿ ಎರಡು ಶುದ್ಧ ದ್ರವಗಳನ್ನು ಆರಿಸಿಕೊಂಡರು. ಹೆಪ್ಟೇನ್ ಕೂಡಲೇ ನಾಕ್ ಹೊಡೆಯುತ್ತದೆ, ಅದಕ್ಕೆ 0. ಐಸೊಆಕ್ಟೇನ್ ಬಹಳ ತಾಳುತ್ತದೆ, ಅದಕ್ಕೆ 100. ಶುದ್ಧ ಹೆಪ್ಟೇನ್ ಆಗ ಸಿಗುತ್ತಿದ್ದದ್ದು ಜೆಫ್ರಿ ಪೈನ್ ಎಂಬ ಮರದ ಅಂಟಿನಿಂದ. ನಮ್ಮ ಪೆಟ್ರೋಲ್ 91 ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಅದು 91 ಪಾಲು ಐಸೊಆಕ್ಟೇನ್, 9 ಪಾಲು ಹೆಪ್ಟೇನ್ ಇರುವ ಮಿಶ್ರಣದಷ್ಟೇ ತಾಳುತ್ತದೆ ಎಂದರ್ಥ. ಈ ಅಳತೆಯೇ ಆಕ್ಟೇನ್ ಸಂಖ್ಯೆ.

ಮಲೆನಾಡಿನ ಬಚ್ಚಲ ಒಲೆಗೆ ಬೆಂಕಿ ಹಾಕಿದವರಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಒಣಗಿದ ಅಡಿಕೆ ಸೋಗೆ ಕಿಡಿ ಕಂಡರೆ ಸಾಕು, ಭಗ್ಗೆನ್ನುತ್ತದೆ. ಗಂಟುಗಂಟಾದ ಹುಣಸೆ ಕೊರಡು ಸುಲಭಕ್ಕೆ ಹೊತ್ತುವುದಿಲ್ಲ. ಹೆಪ್ಟೇನ್ ನೇರ ಸರಪಳಿಯ ಅಣು, ಸೋಗೆಯಂತೆ ಬೇಗ ಸೀಳಿ ಹೊತ್ತುತ್ತದೆ. ಐಸೊಆಕ್ಟೇನಿನ ಅಣುವಿಗೆ ಕವಲುಗಳಿವೆ, ಕೊರಡಿನಂತೆ ಗಟ್ಟಿ. ಆದರೆ ಕೊಡುವ ಶಾಖ? ಕಿಲೋಗೆ ಎರಡೂ ಸುಮಾರು 44 ಮೆಗಾಜೂಲ್ ಕೊಡುತ್ತವೆ. ಎಥೆನಾಲ್ ನೋಡಿ. ಅದರ ಆಕ್ಟೇನ್ ಸಂಖ್ಯೆ 108ಕ್ಕೂ ಮಿಕ್ಕಿದ್ದು, ಶಾಖ ಮಾತ್ರ ಕಿಲೋಗೆ ಸುಮಾರು 27 ಮೆಗಾಜೂಲ್. ತಾಳ್ಮೆ ಹೆಚ್ಚಿದರೆ ಶಕ್ತಿ ಹೆಚ್ಚಬೇಕೆಂಬ ನಿಯಮವೇ ಇಲ್ಲ. ‘ಪವರ್ ಪೆಟ್ರೋಲ್’ ಎಂಬ ಹೆಸರು ದಾರಿ ತಪ್ಪಿಸುವುದು ಇಲ್ಲೇ.

ಮತ್ತೊಂದು ಗೊಂದಲ ಅಮೆರಿಕದಿಂದ ಬಂದವರದು. ಕ್ಯಾಲಿಫೋರ್ನಿಯದಲ್ಲಿ ಹತ್ತು ವರ್ಷ ಇದ್ದು ಮೈಸೂರಿಗೆ ಮರಳಿದವರಿಗೆ 87 ಎಂದರೆ ಸಾದಾ, 91 ಎಂದರೆ ಪ್ರೀಮಿಯಂ. ಇಲ್ಲಿ ಸಾದಾ ಪೆಟ್ರೋಲಿಗೇ ಕನಿಷ್ಠ 91 ಎಂಬ ನಿಯಮವಿದ್ದದ್ದನ್ನು ಕಂಡು ನಮ್ಮದು ಅವರಿಗಿಂತ ಮೇಲು ಎಂದುಕೊಳ್ಳುತ್ತಿದ್ದರು. ಕೋಲು ಬೇರೆ, ಅಷ್ಟೆ. ಆಕ್ಟೇನನ್ನು ಎರಡು ಪರೀಕ್ಷೆಗಳಲ್ಲಿ ಅಳೆಯುತ್ತಾರೆ: ಎಂಜಿನ್ ನಿಧಾನವಾಗಿ ಓಡುವ ರಿಸರ್ಚ್ ಪರೀಕ್ಷೆ ಒಂದು, ಹೆಚ್ಚು ಬಿಸಿ ಹೆಚ್ಚು ವೇಗದ ಮೋಟರ್ ಪರೀಕ್ಷೆ ಇನ್ನೊಂದು. ಭಾರತ, ಯುರೋಪುಗಳು ಮೊದಲನೆಯದನ್ನು ಹೇಳುತ್ತವೆ. ಅಮೆರಿಕ ಎರಡರ ಸರಾಸರಿ ಹೇಳುತ್ತದೆ. ಅಲ್ಲಿನ 87 ಹೆಚ್ಚುಕಡಿಮೆ ಇಲ್ಲಿನ 91. ಅಲ್ಲಿನ 91 ಇಲ್ಲಿನ 95ರ ಆಸುಪಾಸು. ಜರ್ಮನ್ ಕಾರಿನ ಮುಚ್ಚಳದಲ್ಲಿ ‘ಆರ್‌ಒಝಡ್’ ಎಂದು ಕಂಡರೆ ಅದು ರಿಸರ್ಚ್ ಆಕ್ಟೇನಿಗೆ ಜರ್ಮನ್ನರ ಸಂಕ್ಷೇಪ, ನಮ್ಮದೇ ಕೋಲು.

ಎಂಜಿನ್ನಿನ ಕಿವಿ

ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕಿದರೆ ಇಂದಿನ ಸೆಡಾನ್ ಒಡನೆ ಕೆಡುವುದಿಲ್ಲ. ಅದಕ್ಕೆ ಕಿವಿಯಿದೆ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು, ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ಕಂಡುಕೊಂಡರು. ಅದೇ ಗುಣದ ಪುಟ್ಟ ಬಿಲ್ಲೆಯೊಂದು ಎಂಜಿನ್ನಿಗೆ ಬಿಗಿದಿರುತ್ತದೆ. ನಾಕಿಂಗಿನ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ ಆರೇಳು ಸಾವಿರ. ಆ ಸ್ವರ ಕೇಳಿದ ಕೂಡಲೇ ಕಂಪ್ಯೂಟರ್ ಕಿಡಿಯನ್ನು ತುಸು ತಡವಾಗಿ ಹಾರಿಸುತ್ತದೆ, ಟರ್ಬೊ ಒತ್ತಡ ಇಳಿಸುತ್ತದೆ. ನಾಕಿಂಗ್ ನಿಲ್ಲುತ್ತದೆ, ಜೊತೆಗೆ ಒಂದಿಷ್ಟು ಶಕ್ತಿ ಮತ್ತು ಮೈಲೇಜು ಹೋಗುತ್ತದೆ.

ಆದ್ದರಿಂದ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ, ಇಲ್ಲವೇ ಮ್ಯಾನ್ಯುಯಲ್ಲಿನಲ್ಲಿ ಬರೆದ ಮಾತನ್ನು ಗಮನವಿಟ್ಟು ಓದಬೇಕು. ‘ಕನಿಷ್ಠ 95’ ಎಂದಿದ್ದರೆ 95 ಹಾಕಲೇಬೇಕು, ಅಲ್ಲಿ ಉಳಿತಾಯ ಸಲ್ಲದು. ‘95 ಶಿಫಾರಸು, ಕನಿಷ್ಠ 91’ ಎಂದಿದ್ದರೆ ಆಯ್ಕೆ ನಿಮ್ಮದು. ಅಮೆರಿಕದ ವಾಹನ ಸವಾರರ ಸಂಘ ಎಎಎ 2017ರಲ್ಲಿ ಪ್ರೀಮಿಯಂ ಶಿಫಾರಸು ಇರುವ ಕಾರುಗಳನ್ನು ಪರೀಕ್ಷಿಸಿತು. ಪ್ರೀಮಿಯಂ ಹಾಕಿದಾಗ ಮೈಲೇಜು ಸರಾಸರಿ ಶೇ. 2.7, ಶಕ್ತಿ ಶೇ. 1.4ರಷ್ಟು ಮಾತ್ರ ಹೆಚ್ಚಿತು. ‘91 ಸಾಕು’ ಎಂದಿದ್ದರೆ ಅದಕ್ಕಿಂತ ಮೇಲಿನದಕ್ಕೆ ಕೊಡುವ ಹಣ ವ್ಯರ್ಥ. ಬೇಡದ ಕಾರಿಗೆ ಪ್ರೀಮಿಯಂ ಹಾಕಿ ಅಮೆರಿಕನ್ನರು ಒಂದೇ ವರ್ಷದಲ್ಲಿ ಸುಮಾರು 210 ಕೋಟಿ ಡಾಲರ್ ಕಳೆದುಕೊಂಡರೆಂದು ಅದೇ ಸಂಘ 2016ರಲ್ಲಿ ಲೆಕ್ಕ ಹಾಕಿತ್ತು.

ನಮ್ಮಲ್ಲಿ ಈಗ ಪ್ರಶ್ನೆಯೇ ಬದಲಾಗಿದೆ. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎರಡೇ ವರ್ಷದಲ್ಲಿ ಅದು ಸಾದಾ ಪೆಟ್ರೋಲಿನ ಜಾಗ ಹಿಡಿಯಿತು. ಎಥೆನಾಲಿನ ತಾಳ್ಮೆ ಸೇರಿದ್ದರಿಂದ ಇ20ರ ಆಕ್ಟೇನ್ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳಿದೆ. ಅಂದರೆ ನಾಕಿಂಗಿನ ಭಯ ಬಹುಪಾಲು ನೀಗಿದೆ. ಬದಲಿಗೆ ಕೇಳಬೇಕಾದದ್ದು: ನಿಮ್ಮ ಕಾರಿನ ರಬ್ಬರ್ ಕೊಳವೆ, ಸೀಲು, ಪಂಪು ಎಥೆನಾಲಿಗೆ ಒಗ್ಗುತ್ತವೆಯೇ? ಮುಚ್ಚಳದಲ್ಲಿ ವೃತ್ತದೊಳಗೆ ‘ಇ10’ ಎಂದಷ್ಟೇ ಇದ್ದರೆ ಕಾರು ತಯಾರಕರಿಂದ ಲಿಖಿತ ಉತ್ತರ ಪಡೆಯಿರಿ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವ ಕಾರಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಕೊಳೆಯಲು ಬಿಡಬಾರದು.

ಕರಗುವ ತಾಳ್ಮೆಗಳು

ಪೆಟ್ರೋಲ್ ಪ್ರತಿ ಸಲ ಹೊಸದು. ಕಾರಿನ ಉಳಿದ ದ್ರವಗಳು ಹಾಗಲ್ಲ. ಅವಕ್ಕೂ ಒಂದೊಂದು ಬಗೆಯ ತಾಳ್ಮೆಯಿದೆ, ಅದು ದಿನದಿನಕ್ಕೆ ಕರಗುತ್ತದೆ. ಸರ್ವೀಸ್ ಎಂದರೆ ಕರಗಿದ್ದನ್ನು ಹೊತ್ತಿಗೆ ಸರಿಯಾಗಿ ತುಂಬಿಕೊಡುವ ಕೆಲಸ.

ಮೊದಲು ಎಂಜಿನ್ ಆಯಿಲ್. ತಿರುಗುವ ಲೋಹಗಳ ನಡುವೆ ಕೂದಲೆಳೆಗಿಂತ ಬಹಳ ತೆಳುವಾದ ಪೊರೆಯಾಗಿ ನಿಂತು ಅವು ಒಂದನ್ನೊಂದು ಮುಟ್ಟದಂತೆ ಅದು ಕಾಯುತ್ತದೆ. ಡಬ್ಬಿಯ ಮೇಲಿನ ‘0ಡಬ್ಲ್ಯು-30’ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಅದು ಎಷ್ಟು ಸಲೀಸಾಗಿ ಹರಿಯುತ್ತದೆಂದೂ, ಕೊನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆಂದೂ ಹೇಳುತ್ತವೆ. ನಮಗೆ ಹಿಮ ಬೀಳುವುದಿಲ್ಲ, ಮೊದಲ ಅಂಕಿ ಯಾವುದಾದರೇನು ಎನ್ನಬೇಡಿ. ಎಣ್ಣೆಯ ಪಾಲಿಗೆ ಬೆಂಗಳೂರಿನ 20 ಡಿಗ್ರಿಯ ಮುಂಜಾನೆಯೂ ಚಳಿಯೇ.

ಕಿಲೋಮೀಟರ್ ಲೆಕ್ಕವೊಂದನ್ನೇ ನಂಬುವುದೂ ತಪ್ಪು. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ 10,000 ಕಿ.ಮೀ. ಓಡಿದ ಎಂಜಿನ್ ದುಡಿದದ್ದು 167 ಗಂಟೆ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ 18ರ ಸರಾಸರಿಯಲ್ಲಿ ಅಷ್ಟೇ ದೂರ ಓಡಿದ್ದು ದುಡಿದದ್ದು 556 ಗಂಟೆ. ಮೂರು ಪಟ್ಟಿಗೂ ಹೆಚ್ಚು! ಮನೆಯಿಂದ ಮೂರು ಕಿಲೋಮೀಟರ್ ದೂರದ ಆಫೀಸಿಗಷ್ಟೇ ಹೋಗಿಬರುವ ಕಾರಿನ ಎಣ್ಣೆಯಂತೂ ಪೂರ್ತಿ ಬಿಸಿಯೇ ಆಗುವುದಿಲ್ಲ. ಅದರಲ್ಲಿ ಸೇರಿದ ಪೆಟ್ರೋಲೂ ನೀರಾವಿಯೂ ಹೊರಹೋಗದೆ ಉಳಿಯುತ್ತವೆ. ಇಂಥ ಕಾರಿಗೆ ಕಿಲೋಮೀಟರ್ ತುಂಬದಿದ್ದರೂ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಬೇಕು.

ಎಣ್ಣೆಯ ಆಯ್ಕೆಗೂ ನಾಕಿಂಗಿಗೂ ನಂಟಿದೆ. ಟರ್ಬೊ ಎಂಜಿನ್ನನ್ನು ನಿಧಾನ ವೇಗದಲ್ಲಿ ಜೋರಾಗಿ ಎಳೆಸಿದಾಗ, ಎಣ್ಣೆಯ ಸಣ್ಣ ಹನಿಗಳು ಕಿಡಿಗೂ ಮುಂಚೆಯೇ ಹೊತ್ತಿಕೊಳ್ಳಬಲ್ಲವು. ಇದು ನಾಕಿಂಗಿಗಿಂತ ಭೀಕರ, ಪಿಸ್ಟನ್ನನ್ನೇ ಒಡೆಯಬಲ್ಲದು. ಎಣ್ಣೆಯಲ್ಲಿ ಕ್ಯಾಲ್ಸಿಯಂ ಅಂಶ ಹೆಚ್ಚಿದ್ದರೆ ಈ ಅಪಾಯ ಹೆಚ್ಚು ಎಂದು ತಿಳಿದುಬಂದ ಮೇಲೆ 2018ರಲ್ಲಿ ‘ಎಪಿಐ ಎಸ್‌ಎನ್ ಪ್ಲಸ್’ ಎಂಬ ಹೊಸ ಮಾನಕ ಬಂತು. ಆದ್ದರಿಂದ ಡಬ್ಬಿಯ ಹಿಂಬದಿಯಲ್ಲಿ ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳುವ ಮಂಜೂರಾತಿಯ ಸಂಖ್ಯೆ ಇದೆಯೇ ನೋಡಿ. ಮರ್ಸಿಡಿಸ್‌ಗೆ 229.5, ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-04 ಎಂಬಂತೆ ಅದು ಅಚ್ಚಾಗಿರುತ್ತದೆ. ಬೆಲೆಗಿಂತ, ಬ್ರ್ಯಾಂಡಿಗಿಂತ ಆ ಸಂಖ್ಯೆ ಮುಖ್ಯ.

ಎರಡನೆಯದು ಬ್ರೇಕ್ ಆಯಿಲ್. ಆಗುಂಬೆ ಘಾಟಿ ಇಳಿಯುವ 1,700 ಕಿಲೋ ತೂಕದ ಸೆಡಾನನ್ನು ನೆನೆಯಿರಿ. ಅರ್ಧ ಕಿಲೋಮೀಟರ್ ಎತ್ತರದಿಂದ ಇಳಿಯುವಾಗ ಅದು ಬಿಟ್ಟುಕೊಡುವ ಶಕ್ತಿ ಸುಮಾರು 83 ಲಕ್ಷ ಜೂಲ್. ಒಂದು ಹಂಡೆಯಲ್ಲಿನ 25 ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಇಷ್ಟು ಶಾಖ ಸಾಕು. ಕಾಲನ್ನು ಬ್ರೇಕಿನ ಮೇಲೇ ಇಟ್ಟು ಇಳಿದರೆ ಇದರ ಬಹುಪಾಲು ನಾಲ್ಕು ಡಿಸ್ಕುಗಳಿಗೆ ಹೋಗುತ್ತದೆ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದಾಗ ಹುಟ್ಟುವ ಗುಳ್ಳೆ ಒತ್ತಡವನ್ನು ನುಂಗಿಬಿಡುತ್ತದೆ, ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಓಡುವ ಕಾರು ಎಷ್ಟೇ ಕಡಿಮೆ ಓಡಿದ್ದರೂ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲೇಬೇಕು. ಘಾಟಿ ಇಳಿಯುವಾಗ ಆಟೊಮ್ಯಾಟಿಕ್ ಗೇರನ್ನು ಕೈಯಾರೆ ಸಣ್ಣ ಗೇರಿಗೆ ತನ್ನಿ, ಎಂಜಿನ್ನೇ ಕಾರನ್ನು ತಡೆದು ಹಿಡಿಯುತ್ತದೆ.

ಕೂಲೆಂಟಿನಲ್ಲಿ ನಡೆಯುವ ತಪ್ಪು ಇನ್ನೊಂದು ಬಗೆಯದು. ಕಡಿಮೆಯಾಯಿತೆಂದು ಬೋರ್‌ವೆಲ್ ನೀರು ಸುರಿಯುತ್ತಾರೆ. ಆ ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಸೇರಬೇಕಾದದ್ದು ತಯಾರಕರು ಹೇಳಿದ ಕೂಲೆಂಟ್ ಮತ್ತು ಖನಿಜ ತೆಗೆದ ನೀರು. ಬೇರೆ ಜಾತಿಯ ಕೂಲೆಂಟುಗಳನ್ನು ಬೆರೆಸಿದರೆ ಒಳಗೆ ಲೋಳೆಗಟ್ಟಬಹುದು. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿ ರುಚಿಯ ವಿಷ. ಅದನ್ನು ಮಕ್ಕಳ, ನಾಯಿಗಳ ಕೈಗೆ ಬಾಯಿಗೆ ಸಿಗದಂತೆ ಇಡಿ.

ಗೇರ್‌ಬಾಕ್ಸಿನ ಎಣ್ಣೆ ಜೀವನಪೂರ್ತಿ ಸಾಕು ಎಂಬ ಮಾತು ಚಾಲ್ತಿಯಲ್ಲಿದೆ. ಹಲವು ಬಿಎಂಡಬ್ಲ್ಯು ಕಾರುಗಳಲ್ಲಿರುವ ಎಂಟು ಗೇರಿನ ಪೆಟ್ಟಿಗೆಯನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ನಡುವೆ ಎಣ್ಣೆ ಬದಲಿಸಿ ಎನ್ನುತ್ತದೆ. ಪೆಟ್ಟಿಗೆ ಮಾಡಿದವರ ಮಾತು ಕೇಳುವುದು ಲೇಸು.

ಟೈರಿನ ಗಾಳಿಯನ್ನು ಬೆಳಗ್ಗೆ, ಕಾರು ಓಡುವ ಮುನ್ನ ನೋಡಿ. ತಾಪ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿ ಟೈರಿನ ಅಳತೆ ನಂಬಿ ಗಾಳಿ ಬಿಟ್ಟರೆ ಮರುದಿನ ಟೈರು ಸೊರಗಿರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ಅದರ ಜನ್ಮಪತ್ರ: ‘2323’ ಎಂದರೆ 2023ರ 23ನೇ ವಾರ.

ಕೊನೆಯದು ಮಳೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ಮುಳುಗಿ ನಿಂತದ್ದನ್ನು ದೇಶವೇ ನೋಡಿತು. ಸೆಡಾನ್ ನೆಲಕ್ಕೆ ಹತ್ತಿರ, ಎಂಜಿನ್ ಗಾಳಿ ಎಳೆಯುವ ಬಾಯಿಯೂ ಎಸ್‌ಯುವಿಗಿಂತ ಕೆಳಗೆ. ಗಾಳಿಯನ್ನು ಹತ್ತು ಪಟ್ಟು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿಗೆ ನೀರು ನುಗ್ಗಿದ್ದಾಗ ಸ್ಟಾರ್ಟ್ ಒತ್ತಿದರೆ ಪಿಸ್ಟನ್ನಿನ ದಂಡವೇ ಬಾಗುತ್ತದೆ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಲೆಕ್ಸಸ್ ಎಲ್‌ಎಸ್ 400 ಎಂಬ ಐಷಾರಾಮಿ ಸೆಡಾನ್ 1989ರಲ್ಲಿ ಬಂತು. 1996ರಲ್ಲಿ ತಯಾರಾದ ಅಂಥ ಒಂದು ಕಾರು 2019ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಮೈಲಿ, ಅಂದರೆ 16 ಲಕ್ಷ ಕಿಲೋಮೀಟರ್ ದಾಟಿತು. ಯಾವ ಯಂತ್ರವೂ ಆರೈಕೆಯಿಲ್ಲದೆ ಅಷ್ಟು ದೂರ ಸಾಗದು. ಆ ಆರೈಕೆಯ ಮೊದಲ ಹೆಜ್ಜೆಗೆ ನೀವು ಒಂದು ಪೈಸೆಯನ್ನೂ ಖರ್ಚು ಮಾಡಬೇಕಿಲ್ಲ. ಮುಂದಿನ ಸಲ ಬಂಕಿಗೆ ಹೋಗುವ ಮೊದಲು ಟ್ಯಾಂಕಿನ ಮುಚ್ಚಳ ತೆರೆದು ಅದರ ಒಳಬದಿಯ ಸಂಖ್ಯೆ ಓದಿ. ಒಂದು ಸಣ್ಣ ಪುಸ್ತಕದಲ್ಲಿ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿದ ದಿನಾಂಕಗಳನ್ನು ಬರೆದು ಕಾರಿನಲ್ಲೇ ಇಡಿ. “ನಾರ್ಮಲ್ಲಾ, ಪವರ್ರಾ?” ಎಂದು ಬಂಕಿನ ಹುಡುಗ ಕೇಳಿದಾಗ ಉತ್ತರ ಹೇಳಬೇಕಾದದ್ದು ಆ ಮುಚ್ಚಳದ ಸಂಖ್ಯೆ, ಕಾರಿನ ಬೆಲೆಯಲ್ಲ.